ತಟ್ಟೆ ಹೋಯಿತು, ಚಮಚ ಉಳಿಯಿತು

ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೇ,

ನಿಮ್ಮ ಭೋಜನಶಾಲೆಯ ಒಂದು ಚಮಚ ನಮ್ಮ ಮನೆಯಲ್ಲಿದೆ. ಕದ್ದ ಮಾಲು ಎಂದು ನೀವು ಕರೆದರೆ ನನ್ನ ತಕರಾರಿಲ್ಲ. ಜೀವಮಾನದಲ್ಲಿ ಯಾರಿಗೂ ಚಮಚಾ ಆಗದ ನಾನು ಕೊನೆಗೆ ಚಮಚದ ಕಳ್ಳನಾದೆನೆಂದು ಸಾರ್ವಜನಿಕವಾಗಿ ತಪ್ಪೊಪ್ಪಿಕೊಳ್ಳುತ್ತೇನೆ. ಆದರೆ ಒಂದು ಪ್ರತಿದೂರಿದೆ. ಅದೇ ದಿನ, ಅದೇ ಮೇಜಿನಿಂದ, ನಿಮ್ಮವರು ನನ್ನ ಅಪ್ಪನ ಅರ್ಧ ಊಟವನ್ನು ಎತ್ತಿಕೊಂಡು ಹೋದರು. ಅದನ್ನು ಹಿಂದಿರುಗಿಸುವವರು ಯಾರು?

ಅಪ್ಪ ದರ್ಜಿ. ಅವರ ಹೊಲಿಗೆಯಿಂದಲೇ ನಾನು ದರ್ಜೆ ಮೇಲೆ ದರ್ಜೆ ಏರಿ ಓದಿದವನು. ಕಳೆದ ವರ್ಷ ಲಕ್ವ ಹೊಡೆದು ಅವರ ಬಲಗೈ ಬಿದ್ದುಹೋಯಿತು. ಕತ್ತರಿ ಹಿಡಿದ ಕೈ ಅದು. ಆದರೂ ಅವರು ಅತ್ತದ್ದನ್ನು ನಾವು ಕಂಡಿಲ್ಲ. ಅಡುಗೆಮನೆಯ ಮೂಲೆಯಲ್ಲಿ ಕೂತು, ಕೊರಳಿಗೆ ಟವೆಲು ಕಟ್ಟಿಕೊಂಡು, ಬೇಯಿಸಿದ ಬಟಾಣಿಯ ಮೇಲೆ ಎಡಗೈ ಪಳಗಿಸಿದರು. ಬಟಾಣಿ ಚಮಚದಿಂದ ಉರುಳಿ ಓಡಿದಾಗಲೆಲ್ಲ, "ಇವೂ ನಿನ್ನ ಥರಾನೇ ಕಣೋ, ಹೇಳಿದ್ ಕಡೆ ನಿಲ್ಲಲ್ಲ" ಎನ್ನುತ್ತಿದ್ದರು. ಬಟಾಣಿಯ ಓಟ ನಿಂತ ದಿನ ಅವರೇ ಬಾಯಿಬಿಟ್ಟು ಕೇಳಿದರು, ಹೊರಗೆ ಹೋಗಿ ನಾಲ್ಕು ಜನರ ನಡುವೆ ಕೂತು ಉಣ್ಣಬೇಕು ಎಂದು. ಅಲ್ಲಿ ಉಂಡು ಬಂದರೆ ಮತ್ತೆ ಅಂಗಡಿಗೆ ಹೋಗಿ ಕೂರುವ ಧೈರ್ಯ ಬರುತ್ತದಂತೆ. ತಂಗಿ ಕೋಟಿಗೆ ಇಸ್ತ್ರಿ ಹಾಕಿದಳು. ಅಪ್ಪ ತಾವೇ ಹೊಲಿದುಕೊಂಡ ಕೋಟು.

ನಿಮ್ಮಲ್ಲಿ ನಗುವಿಗೆ ಬರವಿಲ್ಲ. ಬಾಗಿಲಲ್ಲೊಂದು, ಮೇಜಿನ ಬಳಿ ಇನ್ನೊಂದು. ಎರಡೂ ಒಂದೇ ಅಳತೆಯವು. ದರ್ಜಿಯ ಮಗನಿಗೆ ರೆಡಿಮೇಡ್ ಗುರುತಾಗುತ್ತದೆ, ಬಿಡಿ. ಪರಿಚಾರಕ ಮೆನುವನ್ನು ನನ್ನ ಕೈಗಿಟ್ಟು, ಎದುರಿಗೇ ಕೂತ ಅಪ್ಪನನ್ನು ಬಿಟ್ಟು ನನ್ನನ್ನು ಕೇಳಿದ: "ಇವರಿಗೇನು ಬೇಕಂತೆ ಸಾರ್?"

"ಕೈ ಮಾತ್ರ ಹೋಗಿರೋದು ಕಣಪ್ಪ, ಕಿವಿ ಇದೆ" ಎಂದರು ಅಪ್ಪ, ನಗುತ್ತಲೇ. ಆತ ಅದನ್ನೂ ನನ್ನ ಮುಖ ನೋಡಿಕೊಂಡೇ ಕೇಳಿಸಿಕೊಂಡ. ನೀರು ಬೇಕೇ, ಉಪ್ಪು ಸಾಕೇ, ಎಲ್ಲವೂ ನನಗೇ. ಗ್ರಾಹಕನಿಗೆ ಗ್ರಹಣ ಹಿಡಿಯುವುದೆಂದರೆ ಇದೇ ಇರಬೇಕು.

ಅಪ್ಪ ಬಟಾಣಿ ಹಾಕಿದ ಅನ್ನವನ್ನೇ ತರಿಸಿಕೊಂಡರು. ಓದಿಕೊಂಡ ಪ್ರಶ್ನೆಯೇ ಪರೀಕ್ಷೆಗೆ ಬರಲಿ ಎಂಬ ಆಸೆ. ನಾಲ್ಕಾರು ತುತ್ತಿಗೊಮ್ಮೆ ಅವರ ಎಡಗೈ ಸೋಲುತ್ತದೆ. ಆಗ ಚಮಚ ಹಿಡಿದುಕೊಂಡೇ ಕೈಯನ್ನು ತೊಡೆಯ ಮೇಲಿಟ್ಟು ಸುಧಾರಿಸಿಕೊಳ್ಳುತ್ತಾರೆ. ನಿಮ್ಮವರಿಗೆ ಅಷ್ಟೇ ಸಾಕಾಯಿತು. ನಾನು ತಲೆಯೆತ್ತುವಷ್ಟರಲ್ಲಿ ತಟ್ಟೆಯನ್ನು ತಟ್ಟನೆ ಎತ್ತಿದ್ದರು. ಯಾರ ಮನಸ್ಸಿಗೂ ಅದು ತಟ್ಟಲಿಲ್ಲ. ಮೇಜು ಒರೆಸುವ ಬಟ್ಟೆ ಅಪ್ಪನ ಮುಂದೆ ಒಂದು ಸುತ್ತು ಹಾಕಿತು. ಆ ಬಟ್ಟೆಗೆ ಒಂದು ಬಟಾಣಿಯೂ ಸಿಗಲಿಲ್ಲ, ಮಾನ್ಯರೇ. ಅಪ್ಪ ಒಂದನ್ನೂ ಕೆಡವಿರಲಿಲ್ಲ.

ಒದ್ದೆ ಮೇಜನ್ನು ನೋಡುತ್ತ ಅವರು, "ಆಯ್ತು ಬಿಡು, ಹೊಟ್ಟೆ ತುಂಬ್ತು" ಎಂದರು.

ನಾನು ಗಲ್ಲಾದ ಮುಂದೆ ಹಾರಾಡಿದೆ. ಕೈ ಕೆಳಗಿಳಿದರೆ ತಟ್ಟೆ ತೆಗೆಯಬೇಕೆಂಬುದು ಮೇಲಿನವರ ನಿಯಮ, ಹೊರಗೆ ಜನ ಕಾಯುತ್ತಿರುತ್ತಾರಲ್ಲ ಎಂದು ಸಮಜಾಯಿಷಿ ಬಂತು. ಮೇಲಿನವರೆಂದರೆ ತಾವು. ಸೇವನೆ ಮುಗಿಯುವ ಮುನ್ನವೇ ಸೇವೆ ಮುಗಿಸುವ ಈ ಜಾಣತನ ತಮಗೆ ಹೊಳೆದದ್ದು ಯಾವ ಊಟದ ನಡುವೆ? ನನ್ನನ್ನು ತಣ್ಣಗಾಗಿಸಲು ಮುಂದಿನ ಸಲಕ್ಕೆಂದು ಐಸ್‌ಕ್ರೀಮ್ ಕೂಪನ್ ಕೊಟ್ಟರು. ಮುಂದಿನ ಸಲ ಎಂಬುದೊಂದು ಇದ್ದರಲ್ಲವೇ, ಸ್ವಾಮಿ?

ಮನೆಯಲ್ಲಿ ಕೋಟು ಮಡಿಸುವಾಗ ತಂಗಿಗೆ ಜೇಬಿನಲ್ಲಿ ಚಮಚ ಸಿಕ್ಕಿತು. ಅದು ಜೇಬು ಸೇರಿದ್ದು ಅಪ್ಪನಿಗೂ ಗೊತ್ತಾದದ್ದು ಆಗಲೇ. "ಕದ್ದಿದ್ದಲ್ಲಮ್ಮ" ಎಂದರು. "ಅವರು ತಟ್ಟೆ ತಗೊಂಡ್ರು. ಇದು ಕೈಯಲ್ಲೇ ಉಳೀತು."

ಈಗ ಅವರು ಕೋಣೆಯ ಬಾಗಿಲು ಹಾಕಿಕೊಂಡು ಉಣ್ಣುತ್ತಾರೆ. ಅಂಗಡಿಯ ಮಾತೆತ್ತುವುದಿಲ್ಲ. ಆಚೆ ತಂಗಿ ಸದ್ದಾಗದಂತೆ ಪಾತ್ರೆ ತೊಳೆಯುತ್ತಾಳೆ. ಸದ್ದು ಕೇಳಿದರೆ ಎಲ್ಲಿ ಅರ್ಧಕ್ಕೇ ಏಳುತ್ತಾರೋ ಎಂಬ ಭಯ ಅವಳಿಗೆ.

ಲಕ್ವ ಹೊಡೆದ ದಿನದಿಂದ ಅಪ್ಪನ ಒಂದು ತುತ್ತೂ ನನ್ನ ಕಣ್ಣು ತಪ್ಪಿಲ್ಲವೆಂದು ನೆಂಟರ ಮುಂದೆ ಎದೆ ತಟ್ಟಿಕೊಂಡವನು ನಾನು. ಆ ಅಧಿಕಾರದಿಂದಲೇ ಆಗ್ರಹಿಸುತ್ತೇನೆ: ಆ ನಿಯಮವನ್ನು ಕಿತ್ತುಹಾಕಿ. ಮುಗಿಯಿತೇ ಎಂದು ಉಣ್ಣುವವರನ್ನೇ ಕೇಳಿ, ಅವರ ಮುಖ ನೋಡಿ ಕೇಳಿ. ಜೊತೆಗೆ ಬಂದವರನ್ನು ಕೇಳಬೇಡಿ.

ಏಕೆಂದರೆ, ಹೇಳಲು ನಾಚಿಕೆಯಾಗುತ್ತದೆ, ನಿಮ್ಮ ಪರಿಚಾರಕ ಅಂದು ಕೇಳದೇ ಇರಲಿಲ್ಲ. "ಇವರದ್ದು ಮುಗೀತಾ ಸಾರ್?" ಎಂದು ನನ್ನನ್ನು ಕೇಳಿದ. ನಾನು ಫೋನಿನಲ್ಲಿ ಮುಳುಗಿದ್ದೆ. ಅಪ್ಪ ತಾವೇ ಉಣ್ಣುತ್ತಿರುವ ಚಿತ್ರವನ್ನು, ಎಲ್ಲ ನನ್ನ ಆರೈಕೆಯ ಫಲ ಎಂದು ಬರೆದು, ನೆಂಟರಿಗೆಲ್ಲ ಕಳಿಸುತ್ತಿದ್ದೆ. ತಲೆಯೆತ್ತದೆ ಹೂಂ ಎಂದು ತಲೆಯಾಡಿಸಿದೆ. ಅಪ್ಪ ಅದನ್ನು ನೋಡಿದರು. ತಂಗಿಗೆ ಅವರು ಇವತ್ತಿನವರೆಗೂ ಹೇಳಿಲ್ಲ.

ಇಂತಿ,
ಹೂಂ ಎಂದವನು