ಪೈಲಟ್‌ನ ಎಡಗಣ್ಣು

ಫೆಬ್ರವರಿ ೧೯, ಬೆಳಿಗ್ಗೆ
ಭಟ್ಕಳದಿಂದ ಕುಮಟಾದವರೆಗೆ ನನ್ನಷ್ಟು ಕಣ್ಣು ವಾಸಿ ಮಾಡಿದವರಿಲ್ಲ. ಮಂಗಳೂರಿನ ದೊಡ್ಡ ಡಾಕ್ಟರೊಬ್ಬರು ಗುಟ್ಟು ಕೇಳಿ ನನ್ನ ಕಾಲು ಹಿಡಿದದ್ದಿದೆ. ಇವತ್ತೂ ಪೈಲಟ್‌ನ ಎಡಗಣ್ಣಿಗೆ ನಂದಿಬಟ್ಟಲು ಹೂವಿನ ರಸ, ಎರಡು ಹನಿ. ನಾಯಿ ಕುಂಯ್ ಎಂದಿತು. ಔಷಧ ಹತ್ತಿದ ಲಕ್ಷಣ.

ನಾಯಿ ತಂಗಿಯ ಮಗಳು ದೀಕ್ಷಾಳದು. ಕುಮಟಾ ಹಾಸ್ಟೆಲಿಗೆ ಹೋಗುವಾಗ ಹೇಳಿದ್ದಳು, "ಮಾವ, ಕಣ್ಣೊಳಗಿನ ಕರಿ ಚುಕ್ಕೆ ದೊಡ್ಡಾಗ್ತಾ ಉಂಟು. ಹೊನ್ನಾವರದ ಡಾಕ್ಟರಿಗೆ ತೋರ್ಸು, ಆತಾ?" ಟ್ಯೂಷನ್ ಹೇಳಿ ಕೂಡಿಟ್ಟ ದುಡ್ಡೂ ಕೊಟ್ಟಳು. ಚುಕ್ಕೆಗೆಲ್ಲ ಡಾಕ್ಟರೇ?

ಸಂಜೆ
ತೆಂಗಿನಗುಂಡಿ ಬಂದರಿನಲ್ಲಿ ದೋಣಿ ಮಾಲೀಕ ಶಾಂತಾರಾಮ ಪೈಲಟ್‌ನ ಕಣ್ಣು ನೋಡಿ ನಕ್ಕ. "ತಿಮ್ಮಪ್ಪಣ್ಣ, ಅದು ಗಡ್ಡೆ ಮಾರಾಯ. ನಿನ್ನ ಹೂವಿಂದ ಎಂತ ಆಗ್ತದೆ?"
"ಹುಣ್ಣಿಮೆಯೊಳಗೆ ಕರಗ್ತದೆ. ಪಂಥ?"
ಜನ ಸೇರಿದ್ದರು... ದೀಕ್ಷಾಳ ದುಡ್ಡು ಜೇಬಿನಲ್ಲೇ ಇತ್ತು. ಕಟ್ಟಿದೆ.

ಫೆಬ್ರವರಿ ೨೪
ಚುಕ್ಕೆ ಈಗ ಕಾಳುಮೆಣಸಿನಷ್ಟು. ರಸ ನಾಲ್ಕು ಹನಿಗೆ ಏರಿಸಿದೆ. ದೀಕ್ಷಾ ವಿಡಿಯೋ ಕಾಲ್ ಮಾಡಿದಳು. ಪೈಲಟ್‌ನ ಬಲಗಡೆ ಮಾತ್ರ ತೋರಿಸಿದೆ.
"ಆ ಬದಿ ತಿರುಗ್ಸು ಮಾವ."
"ಅದು ನಾಚ್ಕೊಳ್ತದೆ."
"ನಾಯಿ ನಾಚೂದಾ, ನೀನಾ?"
ಟವರ್ ಇಲ್ಲ ಎಂದು ಕಟ್ ಮಾಡಿದೆ.

ಮಾರ್ಚ್ ೩, ಹುಣ್ಣಿಮೆ
ಶಾಂತಾರಾಮ ಟಾರ್ಚ್ ಹಿಡಿದು ನೋಡಿದ. ಈ ಸಲ ನಗಲಿಲ್ಲ. "ಮೊದ್ಲು ಡಾಕ್ಟರಿಗೆ ತೋರ್ಸು" ಎಂದ. ಪಂಥದ ದುಡ್ಡು ಮಾತ್ರ ಬಿಡಲಿಲ್ಲ. ಪಂಥದಲ್ಲಿ ಐನೂರು ಹೋಯಿತು ಎಂದು ಹೆಂಡತಿ ಗಂಗಾಳಿಗೆ ಹೇಳಿದೆ.

ಮಾರ್ಚ್ ೪
ಪೈಲಟ್ ಬಂಗಡೆ ಮೀನಿನ ತಲೆಯನ್ನೂ ಮೂಸಲಿಲ್ಲ. ಕಣ್ಣು ಉಬ್ಬಿದೆ, ಗೋಲಿಯಂತೆ ಗಟ್ಟಿ. ಗೋಡೆಗೆ ಹಣೆ ಒತ್ತಿ ನಿಂತೇ ಇದೆ. ರಿಕ್ಷಾ ಹಿಡಿದೆ.

ಹೊನ್ನಾವರ, ಮಧ್ಯಾಹ್ನ
ಡಾಕ್ಟರ್ ಹೇಮಾ ಕೇಳಿದರು, "ಕಣ್ಣಿಗೆ ಎಂತ ಹಾಕಿದ್ರಿ?"
"ಎಂತ ಇಲ್ಲ... ನೀರು."
"ನೀರಿಗೆ ಹೀಗೆ ಕೆಂಪಾಗೂದಿಲ್ಲ."
ಹೇಳಿದೆ.
ಗಡ್ಡೆ ಕಣ್ಣೊಳಗಿನ ನೀರು ಹೊರಹೋಗುವ ದಾರಿ ಮುಚ್ಚಿದೆಯಂತೆ. ಒತ್ತಡ ಏರಿ ನೋವು. ಆ ಕಣ್ಣು ಕಾಣುತ್ತಿಲ್ಲ. "ಚುಕ್ಕೆ ಇದ್ದಾಗ ತಂದಿದ್ರೆ ಉಳಿಸ್ಬಹುದಿತ್ತೇನೊ. ಈಗ ಕಣ್ಣು ತೆಗೀಬೇಕು. ಎದೆ ಎಕ್ಸ್‌ರೇ ಕ್ಲೀನ್ ಉಂಟು, ಅಲ್ಲಿಗೆ ಹರಡಿಲ್ಲ. ಹರಡಿದ್ರೆ ಮಾತ್ರ ಜೀವಕ್ಕೇ ಬರ್ತದೆ."
ಆಪರೇಷನ್ ನಾಳೆ. ಒಡತಿ ದೀಕ್ಷಾಳ ಒಪ್ಪಿಗೆ ಬೇಕು. ಅಡ್ವಾನ್ಸ್ ಬೇಕು.

ಸಂಜೆ
ಇಂಜೆಕ್ಷನ್ ಕೊಟ್ಟ ಮೇಲೆ ಪೈಲಟ್ ಮಲಗಿದೆ, ನನ್ನ ಪಾದದ ಮೇಲೇ ತಲೆಯಿಟ್ಟು. ಕಾಲು ಜೋಮು ಹಿಡಿದರೂ ಎಳೆದುಕೊಳ್ಳಲಿಲ್ಲ. ಪಂಥದ ದುಡ್ಡು ವಾಪಸ್ ಕೇಳಲು ಶಾಂತಾರಾಮನಿಗೆ ಫೋನ್ ಮಾಡಿದೆ— ದುಡ್ಡು ಬೆಳಿಗ್ಗೆಯೇ ದೋಣಿಯ ಡೀಸೆಲ್‌ಗೆ ಹೋಯಿತಂತೆ.

ಪಂಥದಲ್ಲಿ ಹೋದದ್ದು ಐನೂರಲ್ಲ. ಅವಳು ಕೊಟ್ಟಿದ್ದಷ್ಟೂ. ಏಳು ಸಾವಿರದ ಇನ್ನೂರು.

ಫೋನ್ ಬರುತ್ತಿದೆ. ದೀಕ್ಷಾ. ಮೊದಲು ದುಡ್ಡು ಹೇಳಲೋ, ಮೊದಲು ಕಣ್ಣು—