ಮೆಟ್ಟಿಲು ಹತ್ತಿ ಬಂದವಳ ಅರ್ಜಿ

ಅಂಗವೈಕಲ್ಯ ಪ್ರಮಾಣಪತ್ರ ಮಂಡಳಿಯ ಅಧ್ಯಕ್ಷರಿಗೆ,

ಮಾನ್ಯರೇ, "ಅರ್ಜಿದಾರರು ಯಾರ ನೆರವೂ ಇಲ್ಲದೆ ಮೂರನೇ ಮಹಡಿಗೆ ಬಂದಿರುವುದರಿಂದ ಆರೋಗ್ಯವಂತರು" ಎಂದು ಷರಾ ಬರೆದು ನನ್ನ ರೋಗಿಯ ಅರ್ಜಿಯನ್ನು ತಳ್ಳಿಹಾಕಿದ್ದೀರಿ. ತಮ್ಮ ಕಟ್ಟಡದ ಲಿಫ್ಟ್ ಕೆಟ್ಟು ಎಂಟು ತಿಂಗಳಾಯಿತು. ಅಂದಮೇಲೆ ತಮ್ಮೆದುರು ಬಂದು ನಿಂತವರಿಗೆ ಕಾಯಿಲೆಯಿಲ್ಲ, ಕಾಯಿಲೆಯಿರುವವರು ತಮ್ಮೆದುರು ಬರುವುದೇ ಇಲ್ಲ! ರೋಗವನ್ನು ಇಷ್ಟು ಸಲೀಸಾಗಿ ನಿರ್ಮೂಲ ಮಾಡುವ ವಿದ್ಯೆ ನನಗೆ ಇಪ್ಪತ್ತಾರು ವರ್ಷದಲ್ಲೂ ಒಲಿಯಲಿಲ್ಲ.

ಅವಳು ಬಟ್ಟೆ ಅಂಗಡಿಯಲ್ಲಿದ್ದವಳು. ಮೇಲಿನ ಹಲಗೆಯಿಂದ ಬಟ್ಟೆಯ ಥಾನು ಇಳಿಸಿ, ಬಿಚ್ಚಿ, ಸುತ್ತಿ, ಮತ್ತೆ ಏರಿಸುವ ಕೆಲಸ. ಬೆಳಿಗ್ಗೆ ಹತ್ತಕ್ಕೆ ಯಾರಿಗೂ ಕಡಿಮೆಯಿಲ್ಲ. ಮೂರರ ಹೊತ್ತಿಗೆ ತೋಳು ಏಳದು, ರೆಪ್ಪೆ ಜೋತುಬೀಳುತ್ತದೆ. ಉಂಡದ್ದನ್ನು ಶಕ್ತಿಯಾಗಿಸುವ ಪುಟ್ಟ ಒಲೆಗಳು ನಮ್ಮ ಜೀವಕೋಶಗಳೊಳಗಿವೆ, ಮೈಟೋಕಾಂಡ್ರಿಯಾ ಎನ್ನುತ್ತೇವೆ. ಅವಳಲ್ಲಿ ಅವು ಅರೆಬರೆ ಉರಿಯುತ್ತವೆ. ತಮ್ಮದೊಂದು ಕಾಗದ ತಂದರೆ ಕೂತು ಮಾಡುವ ಕೆಲಸ ಕೊಡಲು ಮಾಲೀಕರು ಒಪ್ಪಿದ್ದರು.

ತಾವು ಅವಳನ್ನು ಪರೀಕ್ಷೆಗೆ ಕರೆದ ದಿನ ನಾನೂ ಜೊತೆಗಿದ್ದೆ. ಪ್ರತಿ ತಿರುವಿನಲ್ಲೂ ಕೂತು ಕೂತು ಮುಕ್ಕಾಲು ಗಂಟೆ ಹತ್ತಿದಳು. ಕೈ ಹಿಡಿಯಲು ಹೋದರೆ, "ಬೇಡ ಡಾಕ್ಟ್ರೇ, ನೋಡ್ದವ್ರು ನಾಟಕ ಅಂತಾರೆ" ಎಂದಳು. ಮೇಲೆ ಎರಡು ಗಂಟೆ ಬೆಂಚಿನಲ್ಲಿ ಕಾಯಿಸಿದಿರಿ, ಅಷ್ಟರಲ್ಲಿ ದಣಿವಾರಿತು. ತಮ್ಮ ಸದಸ್ಯರು ಒಂದು ಸಲ ಕೈ ಎತ್ತಿಸಿದರು. ಎತ್ತಿದಳು.

"ಇಪ್ಪತ್ತು ಸಲ ಎತ್ತಿಸಿ ನೋಡಿ ಸಾರ್," ಎಂದೆ.

"ಫಾರಮ್ಮಲ್ಲಿ ಒಂದೇ ಸಲ ಅಂತಿದೆ. ಅದಿರ್ಲಿ, ಈ ಮೈಟೋಕಾಂಡ್ರಿಯಾ ಅಂಟುರೋಗಾನಾ?" ಎನ್ನುತ್ತಾ ಅವರು ಕುರ್ಚಿ ಹಿಂದಕ್ಕೆ ಸರಿಸಿದರು.

ನಾನು ನಗಬೇಕಿತ್ತೋ, ಅಳಬೇಕಿತ್ತೋ?

ನಾನೇನು ಸಾಚಾ ಅಲ್ಲ. ಹೊಸದಾಗಿ ವೈದ್ಯನಾಗಿದ್ದಾಗ ಇವಳ ತಾಯಿ ಇದೇ ದೂರು ಹೇಳಿಕೊಂಡು ಬಂದಿದ್ದರು. "ಏನೂ ಇಲ್ಲಮ್ಮ, ಮೈಗಳ್ಳತನ ಬಿಡಿ" ಎಂದು ಟಾನಿಕ್ ಬರೆದು ಸಾಗಹಾಕಿದೆ. ನಾಲ್ಕು ವರ್ಷದ ಮೇಲೆ ಮತ್ತೆ ಬಂದರು. ರೆಪ್ಪೆಯನ್ನು ಬೆರಳಿನಿಂದ ಎತ್ತಿ ಹಿಡಿದು, "ಈಗ್ಲಾದ್ರೂ ಕಾಣ್ಸುತ್ತಾ ಡಾಕ್ಟ್ರೇ?" ಎಂದರು. ಆ ನಾಚಿಕೆಯೇ ನನ್ನನ್ನು ಪ್ರಯೋಗಾಲಯಕ್ಕೆ ಅಟ್ಟಿತು. ಅಂದಿನಿಂದ ಬೆಳಿಗ್ಗೆ ವಾರ್ಡು, ಮಧ್ಯಾಹ್ನ ಸೂಕ್ಷ್ಮದರ್ಶಕ. ವೈದ್ಯರ ಪಾಲಿಗೆ ನಾನು ವಿಜ್ಞಾನಿ, ವಿಜ್ಞಾನಿಗಳ ಪಾಲಿಗೆ ಬರೀ ವೈದ್ಯ. ಈ ದೋಷ ತಾಯಿಯಿಂದಲೇ ಮಕ್ಕಳಿಗೆ ಇಳಿಯುತ್ತದೆಂದು ಆ ತಾಯಿಗೆ ಹೇಳಬೇಕಾದವನೂ ನಾನೇ. "ಹಾಗಾದ್ರೆ ನನ್ ಮಗ್ಳಿಗೆ ನಾನು ಕೊಟ್ಟಿದ್ದು ಇದೇನಾ?" ಎಂದು ಕೇಳಿದರು.

ಆ ಮಗಳನ್ನೇ ತಾವು ಆರೋಗ್ಯವಂತಳೆಂದು ಕಳಿಸಿದ್ದು. ಹೋದ ವಾರ ಥಾನು ಕೈಜಾರಿ ಗಾಜಿನ ಮೇಜು ಒಡೆಯಿತು, ಕೆಲಸ ಹೋಯಿತು. "ಸುಸ್ತಿಗೆ ಸಾಕ್ಷಿ ಎಲ್ಲಿಂದ ತರ್ಲಿ?" ಎನ್ನುತ್ತಾಳೆ. ಸಾಕ್ಷಿ ತಮ್ಮ ಕಡತದಲ್ಲೇ ಇದೆ: ಅವಳ ಸ್ನಾಯುವಿನ ಚೂರನ್ನು ಪರೀಕ್ಷಿಸಿ ನಾನು ಬರೆದ ಹನ್ನೊಂದು ಪುಟ. ಅದರ ಪಿನ್ನನ್ನೂ ಯಾರೂ ಬಿಚ್ಚಿಲ್ಲ.

ಹದಿನೈದು ದಿನದೊಳಗೆ ಮರುಪರೀಕ್ಷೆ ಮಾಡಿ. ನೆಲಮಹಡಿಯಲ್ಲಿ, ಮಧ್ಯಾಹ್ನ ಮೂರರ ಮೇಲೆ. ಆಗದಿದ್ದರೆ ನನ್ನ ವರದಿ ಓದಿದ್ದೇವೆ, ಅದು ಸುಳ್ಳು ಎಂದು ಕಾರಣ ಸಹಿತ ಬರೆದು ಸಹಿ ಹಾಕಿ. ತಡ ಮಾಡಬೇಡಿ. ಅವಳಿಗೂ ಆರು ವರ್ಷದ ಮಗಳಿದ್ದಾಳೆ. ಮೊನ್ನೆ ಆ ಮಗು, "ಅಮ್ಮಾ, ಎತ್ಕೋ, ಕಾಲು ಸೋತ್ಹೋಯ್ತು" ಅಂದಿತಂತೆ.

ಇಂತಿ,
ಅದು ಬರೀ ಆಟದ ಆಯಾಸವಾಗಿರಲಿ ಎಂದು ಹಾರೈಸುವುದನ್ನು ಬಿಟ್ಟು ಬೇರೆ ಮದ್ದಿಲ್ಲದ ಒಬ್ಬ ವೈದ್ಯ