ದಾರಿ ಬಿಟ್ಟವರು

ಮಾರ್ಚ್ 3, ಸೋಮವಾರ
ಎರಡು ಚಮಚ ಗಂಜಿ. ಮೂರನೆಯದಕ್ಕೆ ಬಾಯಿ ಬಿಡಲಿಲ್ಲ. ಮಾತ್ರೆ ನುಂಗಿದಳು, ನಾಲಿಗೆ ಎತ್ತಿಸಿ ನೋಡಿದೆ. ಹತ್ತೊಂಬತ್ತು ವರ್ಷದ ನಾದಿನಿ ಸಂಪದಾ. ಅವಳ ಬಾಯೊಳಗೆ ಪೊಲೀಸರ ಹಾಗೆ ಹುಡುಕುವುದು... ನಾಚಿಕೆಯಾಯಿತು.

ಭಟ್ಕಳದ ಡಾಕ್ಟರ್ ಹೇಳಿದ್ದು ಎರಡೇ ಮಾತು. ಮಾತ್ರೆ ತಪ್ಪಿಸಬೇಡಿ. ಒಬ್ಬಳನ್ನೇ ಬಿಡಬೇಡಿ, ಜನ ಬಂದು ಹೋಗುತ್ತಿರಲಿ.

ಜನ! ಕಾಲೇಜು ಬಿಟ್ಟು ಸಂಪದಾ ಯಾಕೆ ಮಲಗಿದ್ದಾಳೆ ಎಂದು ಕೇರಿಯವರು ಕೇಳಲು ಶುರು ಮಾಡಿದ್ದೇ ತಡ, ಅತ್ತೆ ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿಬಿಟ್ಟರು.

"ಮೈಮೇಲೆ ಅಮ್ಮ ಎದ್ದದೆ ಹೇಳು. ಯಾರೂ ಒಳಗೆ ಬರೂದಿಲ್ಲ. ತಲೆ ಸರಿ ಇಲ್ಲ ಅಂತ ಗೊತ್ತಾದ್ರೆ ಇವಳ್ನ ಯಾರು ಮದುವೆ ಆಗ್ತಾರೆ?"

ಹೇಳಿದೆ. ನಾನೇ ಹೇಳಿದೆ, ಸಿಡುಬಿನ ಅಮ್ಮ ಎಂದು, ಪಕ್ಕದ ಮನೆಯ ನಾಗಕ್ಕನಿಗೆ. ಕೈ ಮುಗಿದು ಹಿಂದೆ ಸರಿದಳು.

ಮಾರ್ಚ್ 6
ಯಾರೂ ಬರಲಿಲ್ಲ. ಬೇವಿನ ಸೊಪ್ಪು ಚೆನ್ನಾಗಿ ಡ್ಯೂಟಿ ಮಾಡುತ್ತಿದೆ. ನನ್ನ ಗಂಡ ಜಗದೀಶ ಬೋಟಿನಲ್ಲಿ, ಫೋನ್ ಸಿಗುವುದಿಲ್ಲ. ಅತ್ತೆ ಮಗಳ ಮುಖ ನೋಡಲಾರದೆ ಹಿತ್ತಿಲಲ್ಲಿ ಕೂತು ಅಳುತ್ತಾರೆ.

"ಅತ್ತಿಗೆ, ನನ್ನಿಂದ ಎಷ್ಟು ಕಷ್ಟ ನಿಂಗೆ. ನಾ ಇಲ್ದಿದ್ರೆ ಆತಲ."

ಅಕ್ಕಿ ಮುಗಿದಿದೆ ಎನ್ನುವ ದನಿಯಲ್ಲಿ ಸಂಪದಾ ಹೇಳಿದಳು. ಅವಳ ತಲೆ ಬಾಚಿದೆ.

ನಾಲ್ಕು ದಿನದಿಂದ ನಿದ್ದೆ ಇಲ್ಲ. ದೇವರೇ, ಇನ್ನೊಬ್ಬರು ಬೇಕು. ಬರೀ ಕೂತಿರಲು.

ಮಾರ್ಚ್ 8, ಮಧ್ಯಾಹ್ನ ಮೂರು
ಬರೆಯದಿದ್ದರೆ ಹುಚ್ಚು ಹಿಡಿದೀತು.

ಗೋಡೆಗೆ ಒರಗಿದ್ದೆ, ಕಣ್ಣು ಹತ್ತಿತು. ಎದ್ದರೆ ಹಾಸಿಗೆ ಖಾಲಿ. ಓಡಿದೆ. ತೆಂಗಿನಗುಂಡಿ ದಡದಲ್ಲಿ ಐದಾರು ಹೆಂಗಸರು, ಮೀನು ಒಣಗಿಸುವವರು, ನಾಗಕ್ಕನೂ. ಎಲ್ಲರೂ ಎದ್ದು ಕೈ ಮುಗಿದು ನಿಂತಿದ್ದರು. ನಡುವೆ ದಾರಿ. ಆ ದಾರಿಯಲ್ಲಿ ಸಂಪದಾ ಸಮುದ್ರಕ್ಕೆ ನಡೆಯುತ್ತಿದ್ದಳು. ಹಾಡಹಗಲು, ಅಷ್ಟು ಜನರೆದುರು. ಅಮ್ಮ ಎದ್ದವಳನ್ನು ಮುಟ್ಟಬಾರದಲ್ಲ — ಚಾಪೆ ಸರಿಸಿ ದಾರಿ ಬಿಟ್ಟಿದ್ದರು!

ಸೊಂಟದ ನೀರಲ್ಲಿ ಸಿಕ್ಕಿದಳು. ಜಡೆ ಹಿಡಿದು ಎಳೆದೆ.

"ಅಮ್ಮನೂ ಇಲ್ಲ, ಗಿಮ್ಮನೂ ಇಲ್ಲ! ಇವಳಿಗೆ ಬದುಕೂದೇ ಬ್ಯಾಡ ಆಗದೆ! ನಾ ಸುಳ್ಳು ಹೇಳ್ದೆ! ಯಾರಾದ್ರೂ ಹಿಡೀರೇ!"

ನಾಗಕ್ಕ ಉಟ್ಟ ಸೀರೆಯಲ್ಲೇ ನೀರಿಗಿಳಿದಳು.

ಮಾರ್ಚ್ 9
ಬೇವು ಕಿತ್ತು ಎಸೆದೆ. ಅತ್ತೆ ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಬಿಡಲಿ.

ಹತ್ತು ಗಂಟೆಗೆ ನಾಗಕ್ಕ ಮೀನು, ಚಾಪೆ ಹೊತ್ತು ನಮ್ಮ ಅಂಗಳಕ್ಕೇ ಬಂದಳು.

"ಎಂತ ಇಲ್ಲ. ನಿಮ್ಮಲ್ಲಿ ಬಿಸ್ಲು ಚಲೋ ಅದೆ."

ಅವಳ ಅಂಗಳಕ್ಕೆ ಬೀಳುವುದೂ ಅದೇ ಬಿಸಿಲು. ಸಂಜೆವರೆಗೆ ಕಿಟಕಿಯ ಕೆಳಗೆ ಕಾಗೆ ಓಡಿಸುತ್ತ ಕೂತಳು. ಒಂದೂ ಪ್ರಶ್ನೆ ಕೇಳಲಿಲ್ಲ. ನಾನು ಎರಡು ತಾಸು ಕೊರಡಿನ ಹಾಗೆ ಮಲಗಿದೆ.

ಮಾರ್ಚ್ 13
ಈಗ ಸರದಿ. ಬೆಳಿಗ್ಗೆ ಹಿಂದಿನ ಮನೆಯ ದುರ್ಗ, ಮಧ್ಯಾಹ್ನದಿಂದ ನಾಗಕ್ಕ. ಮನೆಯೆಲ್ಲ ಮೀನಿನ ನಾತ. ಸಂಪದಾಳದು ಮಾತ್ರ ಗೋಡೆ ಕಡೆಗೇ ಮುಖ. ಇಷ್ಟೆಲ್ಲ ಮಾಡಿಯೂ ಕೈ ತಪ್ಪಿದರೆ... ಭಯ. ಬರೀ ಭಯ.

ಮಾರ್ಚ್ 16, ಸಂಜೆ ಐದು
ನಾಗಕ್ಕನ ಮಗ ಶಿವ ಎರಡು ವರ್ಷದ ಹಿಂದೆ ಬೋಟಿನಿಂದ ಜಾರಿ ಬಿದ್ದು ತೀರಿಹೋದ. ಕೇರಿಗೆ ಗೊತ್ತಿದ್ದದ್ದು ಅಷ್ಟೇ. ಇವತ್ತು ಮೀನು ಮಗುಚುತ್ತ, ಕಿಟಕಿಯ ಕಡೆ ನೋಡದೆ ಹೇಳಿದಳು.

"ಅವ ಜಾರ್ಲಿಲ್ಲ, ಮಗಾ. ಹದ್ನೈದು ದಿನ ಉಣ್ಣದೆ ಮಲ್ಗಿದ್ದ. ಕಾಮಾಲೆ ಅಂತ ಎಲ್ರಿಗೂ ಹೇಳ್ದೆ. ಯಾರೂ ಬರಬ್ಯಾಡಿ ಅಂತ ನಾನೇ... ಎದ್ದು ಬೋಟಿಗೆ ಹೋದ ದಿನ ಗುಣ ಆತು ಅಂದ್ಕಂಡೆ."

ಒಳಗೆ ಚಾಪೆಯ ಸದ್ದಾಯಿತು. ಸಂಪದಾ ಗೋಡೆ ಹಿಡಿದು ಬಂದಳು. ಹೊಸ್ತಿಲ ಮೇಲೆ ಕೂತಳು.

"ಅವಂಗೂ ಹೀಗೇ... ಉಸ್ರು ಎಳಿಯೂಕೂ ಬ್ಯಾಸರ ಆಗ್ತಿತ್ತಾ?"

"ಗೊತ್ತಿಲ್ಲ, ಮಗಾ. ನಾ ಕೇಳ್ಲೇ ಇಲ್ಲ ಅವನ್ನ. ನೀ ಹೇಳು."

ಹೇಳುತ್ತಿದ್ದಾಳೆ. ತಡವರಿಸಿ, ನಿಂತು, ಮತ್ತೆ. ಅತ್ತೆ ಹಿತ್ತಿಲಿಂದ ಒಳಗೆ ಬಂದರು, ಸೆರಗು ಬಾಯಿಗೆ ಒತ್ತಿಕೊಂಡು ಬಾಗಿಲ ಮರೆಯಲ್ಲಿ ನಿಂತಿದ್ದಾರೆ. ಈಗ ನನ್ನನ್ನು ಕರೆಯುತ್ತಿದ್ದಾಳೆ — "ಅತ್ತಿಗೆ, ನೀನೂ ಬಾ" — ಹೋಗುತ್ತೇನೆ.